ಉಪ್ಪುನೀರು ಹಾಕಿದರೂ ಈರುಳ್ಳಿಯ ಕೋಶಗಳು ಕುಗ್ಗಲಿಲ್ಲ, ಏಕೆ?

ಹೊಳೆನರಸೀಪುರದ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಒಂಬತ್ತನೆಯ ತರಗತಿಯ ಮಕ್ಕಳಿಗೆ ಅಭಿಸರಣೆಯ (ತೆಳುಪೊರೆಯ ಮೂಲಕ ನೀರು ಗಾಢವಾದ ದ್ರಾವಣದ ಕಡೆಗೆ ಸಾಗುವುದರ) ಪಾಠವನ್ನು ಬಾಯಿಮಾತಿನಲ್ಲಿ ಮುಗಿಸುವ ಬದಲು ಕಣ್ಣಾರೆ ತೋರಿಸೋಣವೆಂದು ಹೊರಟು ನಾನೇ ಪೇಚಿಗೆ ಸಿಲುಕಿದೆ. ಈರುಳ್ಳಿಯ ಎಸಳಿನ ಒಳಮೈಯಿಂದ ತೆಳುವಾದ ಪೊರೆಯನ್ನು ಬಿಡಿಸಿ, ಸ್ಲೈಡಿನ ಮೇಲೆ ಹರಡಿ, ಕೋಶಗಳು ಚೆನ್ನಾಗಿ ಕಾಣಲೆಂದು ಒಂದು ಹನಿ ಅಯೋಡಿನ್ ಹಾಕಿ ಕವರ್ ಸ್ಲಿಪ್ ಮುಚ್ಚಿದೆ. ಇಟ್ಟಿಗೆ ಜೋಡಿಸಿದ ಗೋಡೆಯಂತೆ ಕೋಶಗಳೂ, ಒಂದೊಂದರಲ್ಲೂ ಹಳದಿ ಚುಕ್ಕೆಯಂತೆ ಕೋಶಕೇಂದ್ರವೂ ಸ್ಪಷ್ಟವಾಗಿ ಕಂಡವು; ಮಕ್ಕಳಿಗೆ ಬಹಳ ಸಂತೋಷವಾಯಿತು. ಆಮೇಲೆ ಒಂದು ಲೋಟ ನೀರಿಗೆ ಎರಡು ಚಮಚ ಉಪ್ಪು ಕರಗಿಸಿ ಅದರ ಹನಿಗಳನ್ನು ಕವರ್ ಸ್ಲಿಪ್ಪಿನ ಅಂಚಿಗೆ ಬಿಟ್ಟೆ. ಇಪ್ಪತ್ತು ನಿಮಿಷ ಕಾದರೂ ಕೋಶಗಳು ಇದ್ದಂತೆಯೇ ಇದ್ದವು.

ಕೋಶದೊಳಗಿನ ಜೀವರಸವು ಗೋಡೆಯಿಂದ ಬಿಟ್ಟುಕೊಂಡು ನಡುವೆ ಮುದುಡಿಕೊಳ್ಳುತ್ತದೆ ಎಂದು ನಾನು ಮೊದಲೇ ಕಪ್ಪುಹಲಗೆಯ ಮೇಲೆ ಚಿತ್ರ ಬರೆದಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ, "ಪುಸ್ತಕದಲ್ಲಿ ಇರೋದು ಸುಳ್ಳಾ ಮೇಡಂ?" ಎಂದು ಕೇಳಿದ. ಎರಡನೆಯ ಸಲ ಅಯೋಡಿನ್ ಇಲ್ಲದೆ ಮಾಡಿದೆ. ಆಗ ಗಾಳಿಗುಳ್ಳೆಗಳ ಹೊರತು ಬೇರೇನೂ ಕಾಣಲೇ ಇಲ್ಲ. ತಪ್ಪು ಉಪ್ಪಿನದೋ, ಈರುಳ್ಳಿಯದೋ, ನಮ್ಮ ಹಳೆಯ ಸೂಕ್ಷ್ಮದರ್ಶಕದ್ದೋ, ತಿಳಿದವರು ದಯವಿಟ್ಟು ಹೇಳಬೇಕು.

ಹಾಸನದ ಪಿಯು ವಿದ್ಯಾರ್ಥಿ:

ಮೇಡಂ, ನಮ್ಮ ಕಾಲೇಜಿನಲ್ಲಿ ಶೇಕಡಾ 5ರ ಉಪ್ಪಿನ ದ್ರಾವಣದಲ್ಲಿ ಈ ಪ್ರಯೋಗ ಮಾಡಿಸಿದ್ದರು. ಒಂದೆರಡು ನಿಮಿಷದಲ್ಲಿಯೇ ಕುಗ್ಗಿತ್ತು. ನಿಮ್ಮ ದ್ರಾವಣ ತೆಳುವಾಗಿದ್ದಿರಬಹುದೇ?

ಪ್ರಯೋಗಾಲಯದ ಸಹಾಯಕ, ಅರಕಲಗೂಡು:

ಎರಡನೆಯ ಸ್ಲೈಡಿನಲ್ಲಿ ಏನೂ ಕಾಣದಿರುವುದಕ್ಕೆ ಸೂಕ್ಷ್ಮದರ್ಶಕವನ್ನು ದೂರಬೇಡಿ. ಬಣ್ಣ ಹಾಕದ ಪೊರೆಯನ್ನು ನೋಡುವಾಗ ಬೆಳಕನ್ನು ತಗ್ಗಿಸಬೇಕು. ಸ್ಲೈಡ್ ಇಡುವ ಹಲಗೆಯ ಕೆಳಗೆ ಬೆಳಕಿನ ಕಿಂಡಿಯನ್ನು ಹಿರಿದು ಕಿರಿದು ಮಾಡುವ ಸಣ್ಣ ಹಿಡಿಕೆಯೊಂದು ಇರುತ್ತದೆ. ಅದನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚಿದರೆ ನೀರಿನಂತೆ ತೋರುವ ಕೋಶಗಳ ಅಂಚುಗಳು ತಾವಾಗಿಯೇ ಎದ್ದು ಕಾಣುತ್ತವೆ. ನಮ್ಮಲ್ಲಿಗೆ ಹೊಸದಾಗಿ ಬರುವವರೆಲ್ಲ ಬೆಳಕು ಹೆಚ್ಚಿದಷ್ಟೂ ಚೆನ್ನಾಗಿ ಕಾಣುತ್ತದೆಂದು ಕನ್ನಡಿಯನ್ನು ಸೂರ್ಯನ ಕಡೆಗೇ ತಿರುಗಿಸುತ್ತಾರೆ. ನೇರ ಬಿಸಿಲು ಕಣ್ಣಿಗೆ ಅಪಾಯ, ಪೊರೆಯೂ ಒಣಗುತ್ತದೆ.

ಇನ್ನೊಂದು ಮಾತು. ಉಪ್ಪುನೀರನ್ನು ಅಂಚಿಗೆ ಬಿಟ್ಟರೆ ಸಾಲದು. ಎದುರಿನ ಅಂಚಿಗೆ ಒತ್ತುಕಾಗದದ ಚೂರನ್ನು ತಾಗಿಸಿ ಹಿಡಿಯಬೇಕು. ಕಾಗದವು ಹಳೆಯ ನೀರನ್ನು ಹೀರಿದಂತೆ ಈ ಕಡೆಯ ಉಪ್ಪುನೀರು ಗಾಜಿನಡಿ ನುಗ್ಗುತ್ತದೆ. ಹಾಗೆ ಎರಡು ಮೂರು ಸಲ ಎಳೆಯದಿದ್ದರೆ ಉಪ್ಪು ಅಂಚಿನಲ್ಲಿಯೇ ಉಳಿದು, ನಡುವೆ ನೀವು ನೋಡುತ್ತಿರುವ ಕೋಶಗಳನ್ನು ತಲುಪುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಗಾಳಿಗುಳ್ಳೆಗೆ ಮದ್ದು ಗೊತ್ತಿದ್ದದ್ದೇ: ಕವರ್ ಸ್ಲಿಪ್ಪಿನ ಒಂದು ಅಂಚನ್ನು ಮೊದಲು ತಾಗಿಸಿ, ಸೂಜಿಯ ಆಸರೆಯಲ್ಲಿ ನಿಧಾನವಾಗಿ ಇಳಿಸಬೇಕು.

ಚಿಕ್ಕಮಗಳೂರಿನ ನಿವೃತ್ತ ಉಪನ್ಯಾಸಕ:

ಸಹಾಯಕರು ಹೇಳಿದ್ದೆಲ್ಲ ಸರಿ. ಆದರೆ ಶಿಕ್ಷಕಿಯವರ ಮೊದಲ ಸ್ಲೈಡ್ ಕೆಟ್ಟದ್ದು ಬೆಳಕಿನಿಂದಲ್ಲ, ಉಪ್ಪಿನ ಕೊರತೆಯಿಂದಲೂ ಅಲ್ಲ. ಒಂದು ಲೋಟಕ್ಕೆ ಎರಡು ಚಮಚವೆಂದರೆ ಅದು ಹೆಚ್ಚು ಕಡಿಮೆ ಶೇಕಡಾ 5ರ ದ್ರಾವಣವೇ ಆಯಿತು. ಸಮುದ್ರದ ನೀರಿನಲ್ಲಿರುವುದು ಸುಮಾರು ಶೇಕಡಾ 3.5 ಮಾತ್ರ. ಕೆಡಿಸಿದ್ದು ಅಯೋಡಿನ್. ಅದು ಕೋಶಕೇಂದ್ರಕ್ಕೆ ಬಣ್ಣ ಕೊಡುವುದರ ಜೊತೆಗೆ ಕೋಶವನ್ನು ಕೊಂದುಬಿಡುತ್ತದೆ. ನೀವು ಉಪ್ಪುನೀರು ಬಿಡುವ ಹೊತ್ತಿಗೆ ಗಾಜಿನಡಿ ಇದ್ದದ್ದು ಅಂದವಾದ ಹೆಣಗಳ ಸಾಲು. ಸತ್ತ ಕೋಶ ಉಪ್ಪಿಗೆ ಕುಗ್ಗುವುದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಸ್ಯದ ಕೋಶಕ್ಕೆ ಎರಡು ಆವರಣಗಳಿವೆ. ಹೊರಗಿನದು ಸೆಲ್ಯುಲೋಸಿನ ಕೋಶಭಿತ್ತಿ. ಅದು ಗಟ್ಟಿಯಾದರೂ ಜಾಲರಿಯಂಥದು, ನೀರನ್ನೂ ಉಪ್ಪನ್ನೂ ಸಕ್ಕರೆಯನ್ನೂ ತಡೆಯದೆ ಒಳಬಿಡುತ್ತದೆ. ಅದಕ್ಕೆ ಒಳಗಿನಿಂದ ಅಂಟಿಕೊಂಡಿರುವುದು ಕೋಶಪೊರೆ. ಇದು ನೀರನ್ನು ಸರಾಗವಾಗಿ ಬಿಡುತ್ತದೆ, ಉಪ್ಪನ್ನೂ ಸಕ್ಕರೆಯನ್ನೂ ಬಹುಮಟ್ಟಿಗೆ ತಡೆಯುತ್ತದೆ. ಬಲಿತ ಕೋಶದ ಬಹುಭಾಗವನ್ನು ತುಂಬಿರುವುದು ಲವಣ, ಸಕ್ಕರೆ, ಆಮ್ಲಗಳು ಕರಗಿರುವ ನೀರಿನ ಚೀಲವಾದ ರಸದಾನಿ. ಹೊರಗೆ ಬರಿಯ ನೀರಿದ್ದಾಗ ನೀರು ಒಳನುಗ್ಗಿ, ರಸದಾನಿ ಉಬ್ಬಿ, ಪೊರೆಯನ್ನು ಗೋಡೆಗೆ ಒತ್ತಿ ಹಿಡಿದಿರುತ್ತದೆ. ಬಾಡದ ಸೊಪ್ಪಿಗಿರುವ ಬಿಗಿ ಈ ಒತ್ತಡದ್ದು. ಹೊರಗಿನ ದ್ರಾವಣ ಒಳಗಿನದಕ್ಕಿಂತ ಗಾಢವಾದರೆ ನೀರು ಹೊರಹೋಗುತ್ತದೆ. ಮೊದಲು ಬಿಗಿ ಇಳಿಯುತ್ತದೆ, ಗೋಡೆ ತುಸು ಕುಗ್ಗುತ್ತದೆ. ಗೋಡೆ ಇನ್ನು ಕುಗ್ಗಲಾರದೆಂಬ ಹಂತ ದಾಟಿದ ಮೇಲೆ ಪೊರೆಯು ಮೂಲೆಗಳಲ್ಲಿ ಗೋಡೆಯನ್ನು ಬಿಟ್ಟು ಒಳಸರಿಯುತ್ತದೆ. ಇದಕ್ಕೆ ಪ್ಲಾಸ್ಮಾಲಿಸಿಸ್ ಎಂದು ಹೆಸರು. ಜೀವರಸ ಸಂಕುಚನವೆಂದರೂ ಆದೀತು.

ಈ ನಡೆಯೆಲ್ಲವೂ ನಿಂತಿರುವುದು, ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ಪೊರೆಯ ಗುಣದ ಮೇಲೆ. ಕೋಶ ಸತ್ತರೆ ಪೊರೆಯ ಆ ಗುಣ ಹೋಗಿ ಉಪ್ಪು ತಾನೂ ಒಳಹೊಕ್ಕುಬಿಡುತ್ತದೆ; ಒಳಗೂ ಹೊರಗೂ ಒಂದೇ ಗಾಢತೆಯಾದರೆ ನೀರು ಯಾವ ಕಡೆಗೆ ಹೋಗಬೇಕು? ಆದ್ದರಿಂದ ನಿಮ್ಮ ಹುಡುಗನಿಗೆ, ಪುಸ್ತಕವೂ ಸುಳ್ಳಲ್ಲ, ನೀನು ನೋಡಿದ್ದೂ ಸುಳ್ಳಲ್ಲ ಎಂದು ಹೇಳಿ. ಅವನು ಕೇಳಿದ ಪ್ರಶ್ನೆ ಬಹಳ ಒಳ್ಳೆಯದು. ದಾಖಲೆ ಪುಸ್ತಕದಲ್ಲಿ ಚಿತ್ರವನ್ನು ಹಿಂದಿನ ರಾತ್ರಿಯೇ ಬರೆದುಕೊಂಡು ಬಂದು, ಗಾಜಿನ ಕೆಳಗೆ ಕಣ್ಣನ್ನೂ ಹಾಯಿಸದೆ ಅಂಕ ಪಡೆದ ಮಕ್ಕಳನ್ನು ನಾನು ನೂರಾರು ನೋಡಿದ್ದೇನೆ.

ಹೊಳೆನರಸೀಪುರದ ಶಿಕ್ಷಕಿ:

ಸರ್, ತುಂಬಾ ಧನ್ಯವಾದಗಳು. ನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದರೂ, ಬಣ್ಣ ಹಾಕುವುದೆಂದರೆ ಕೊಲ್ಲುವುದೆಂದು ನನಗೆ ಹೊಳೆದಿರಲಿಲ್ಲ. ಹಾಗಾದರೆ ಬಣ್ಣವಿಲ್ಲದೆ ಮಕ್ಕಳಿಗೆ ತೋರಿಸುವುದು ಹೇಗೆ? ಇನ್ನೊಂದು ಸಂದೇಹವೂ ಇದೆ. ಪೊರೆ ಒಳಸರಿದ ಮೇಲೆ ಅದಕ್ಕೂ ಗೋಡೆಗೂ ನಡುವೆ ಉಳಿಯುವ ಜಾಗದಲ್ಲಿ ಏನಿರುತ್ತದೆ? ನಾನು ಖಾಲಿ ಎಂದು ಹೇಳಿಕೊಟ್ಟಿದ್ದೇನೆ.

ಹಾಸನದ ಪಿಯು ವಿದ್ಯಾರ್ಥಿ:

ಅದು ನಮ್ಮ ಪರೀಕ್ಷೆಗೆ ಬರುವ ಪ್ರಶ್ನೆ, ಮೇಡಂ. ಅಲ್ಲಿರುವುದು ಹೊರಗಿನ ಉಪ್ಪುನೀರೇ. ಗೋಡೆ ಅದನ್ನು ತಡೆಯುವುದಿಲ್ಲವಲ್ಲ.

ಚಿಕ್ಕಮಗಳೂರಿನ ನಿವೃತ್ತ ಉಪನ್ಯಾಸಕ:

ವಿದ್ಯಾರ್ಥಿ ಸರಿಯಾಗಿ ಹೇಳಿದ್ದಾನೆ. ಅದು ಖಾಲಿ ಜಾಗವಲ್ಲವೆಂಬುದು ಮುಂದೆ ಬಾಡುವಿಕೆಯ ಮಾತು ಬಂದಾಗ ಬೇಕಾಗುತ್ತದೆ, ನೆನಪಿರಲಿ.

ಬಣ್ಣದ ಪ್ರಶ್ನೆಗೆ ಉತ್ತರ ನಿಮ್ಮ ಶಾಲೆಯ ಅಂಗಳದಲ್ಲಿಯೇ ಇರಬಹುದು. ಮೇಲೆ ಹಸಿರು, ಕೆಳಗೆ ಕಡುನೇರಳೆ ಬಣ್ಣದ, ಕತ್ತಿಯಂತೆ ಉದ್ದನೆಯ ಎಲೆಗಳ, ಬುಡದಲ್ಲಿ ದೋಣಿಯಾಕಾರದ ಹೊದಿಕೆಯೊಳಗೆ ಪುಟ್ಟ ಬಿಳಿಯ ಹೂ ಬಿಡುವ ಗಿಡವನ್ನು ಕಚೇರಿಗಳ ಮುಂದೆ, ಶಾಲೆಗಳ ಪಾತಿಗಳ ಅಂಚಿನಲ್ಲಿ ನೆಟ್ಟಿರುತ್ತಾರೆ. ಅದೇ ರಿಯೋ. ಅದರ ಎಲೆಯ ಕೆಳಮೈಯ ಕೋಶಗಳ ರಸದಾನಿಯಲ್ಲಿ ಆಂಥೋಸಯನಿನ್ ಎಂಬ ನೇರಳೆ ಬಣ್ಣ ಹುಟ್ಟಿನಿಂದಲೇ ತುಂಬಿರುತ್ತದೆ. ಎಲೆಯನ್ನು ಓರೆಯಾಗಿ ಹರಿದರೆ ಅಂಚಿನಲ್ಲಿ ನೇರಳೆಯ ತೆಳುಪೊರೆ ಸಿಗುತ್ತದೆ; ನೀರಿನಲ್ಲಿಟ್ಟು ನೋಡಿ, ಆಮೇಲೆ ಉಪ್ಪುನೀರು ಎಳೆಯಿರಿ. ಕೋಶದ ತುಂಬ ಹರಡಿದ್ದ ತಿಳಿನೇರಳೆ ನಡುವೆ ಕೂಡಿಕೊಂಡು ಕಡುಬಣ್ಣದ ಉಂಡೆಯಾಗುವುದನ್ನು ಹಿಂದಿನ ಸಾಲಿನವನೂ ಒಂದೇ ನೋಟಕ್ಕೆ ಗುರುತಿಸುತ್ತಾನೆ. ರಿಯೋ ಸಿಗದಿದ್ದರೆ ಕೆಂಪು ಈರುಳ್ಳಿಯ ರಸಭರಿತ ಎಸಳಿನ ಹೊರಮೈ ಪೊರೆ ತೆಗೆಯಿರಿ. ಬಣ್ಣವಿರುವುದು ಹೊರಮೈಯಲ್ಲಿ, ಸುಲಭವಾಗಿ ಬಿಟ್ಟುಬರುವ ಒಳಮೈ ಪೊರೆಗೆ ಬಣ್ಣವಿಲ್ಲ. ಕೆರೆಯಲ್ಲಿ ಹೈಡ್ರಿಲಾ ಸಿಕ್ಕರೆ ಇನ್ನೂ ಸುಲಭ. ಅದರ ಎಲೆಯ ದಪ್ಪ ಎರಡೇ ಕೋಶದಷ್ಟು. ಪೊರೆ ಬಿಡಿಸುವ ಗೋಜಿಲ್ಲ, ಹಸಿರು ಕಣಗಳೇ ಗುಂಪಾಗಿ ನಡುವೆ ಸರಿಯುತ್ತವೆ.

ಈ ರಿಯೋ ಗಿಡಕ್ಕೆ ಒಂದು ಇತಿಹಾಸವೂ ಇದೆ. ಪ್ಲಾಸ್ಮಾಲಿಸಿಸ್ ಎಂಬ ಹೆಸರನ್ನು 1877ರಲ್ಲಿ ಕೊಟ್ಟವರು ನೆದರ್ಲೆಂಡ್ಸಿನ ಹ್ಯೂಗೋ ಡಿ ವ್ರೀಸ್. ಮೆಂಡೆಲ್‌ರ ಅನುವಂಶೀಯತೆಯ ನಿಯಮಗಳನ್ನು 1900ರಲ್ಲಿ ಮತ್ತೆ ಬೆಳಕಿಗೆ ತಂದವರಲ್ಲಿಯೂ ಅವರೊಬ್ಬರು. ಯಾವ ಲವಣದ ಎಷ್ಟು ಗಾಢತೆಯಲ್ಲಿ ಕೋಶ ಕುಗ್ಗಲಾರಂಭಿಸುತ್ತದೆಂದು ಅವರು ಅಳೆದದ್ದು ಇದೇ ನೇರಳೆ ಎಲೆಯ ಪೊರೆಯಲ್ಲಿ. ಆ ಅಳತೆಗಳೂ, ಜರ್ಮನಿಯ ಪ್ಫೆಫರ್ ಅವರ ಅಭಿಸರಣ ಒತ್ತಡದ ಅಳತೆಗಳೂ ರಸಾಯನವಿಜ್ಞಾನಿ ವಾಂಟ್ ಹಾಫ್ ಅವರ ಕೈಗೆ ಸಿಕ್ಕಿ ದ್ರಾವಣಗಳ ಸಿದ್ಧಾಂತಕ್ಕೆ ಆಧಾರವಾದವು. ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಪ್ರಶಸ್ತಿ 1901ರಲ್ಲಿ ಅವರಿಗೇ ಬಂತು. ಪಾತಿಯಂಚಿನ ಗಿಡವೆಂದು ಅದನ್ನು ನಾವು ತುಳಿದುಕೊಂಡೇ ಓಡಾಡುತ್ತೇವೆ.

ಕೊಪ್ಪದ ಅಡುಗೆಮನೆ:

ನಾನು ವಿಜ್ಞಾನ ಓದಿದವಳಲ್ಲ. ಆದರೆ ನೀವು ಹೇಳುತ್ತಿರುವುದನ್ನು ಪ್ರತಿ ವರ್ಷ ಭರಣಿಯಲ್ಲಿ ನೋಡುತ್ತೇನೆ ಅನ್ನಿಸಿ ಬರೆಯುತ್ತಿದ್ದೇನೆ. ಮಾವಿನ ಮಿಡಿಗೆ ಕಲ್ಲುಪ್ಪು ಬೆರೆಸಿ ಒಂದರ ಮೇಲೊಂದು ಹಾಸಿ ಇಟ್ಟರೆ, ಒಂದು ಹನಿ ನೀರು ಹಾಕದಿದ್ದರೂ ಎರಡು ಮೂರು ದಿನದಲ್ಲಿ ಭರಣಿಯೊಳಗೆ ನೀರು ನಿಲ್ಲುತ್ತದೆ. ದಿನವೂ ಕೈಯಾಡಿಸುತ್ತಾ ಬಂದರೆ ಮಿಡಿ ಚಿರುಟಿ ಸುಕ್ಕಾಗುತ್ತದೆ. ಚೆನ್ನಾಗಿ ಚಿರುಟದ ಮಿಡಿ ಕೆಡುತ್ತದೆಂದು ನಮ್ಮ ಅತ್ತೆಯವರು ಹೇಳುತ್ತಿದ್ದರು. ಸೌತೆಕಾಯಿ ಕೋಸಂಬರಿಗೆ ಬಡಿಸುವ ಹೊತ್ತಿಗೇ ಉಪ್ಪು ಹಾಕಬೇಕು, ಮೊದಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ ಎಂಬುದೂ ಇದೇ ತಾನೇ? ನನ್ನ ಪ್ರಶ್ನೆ ಏನೆಂದರೆ, ಉಪ್ಪಿನಿಂದ ತೆಗೆದ ಮಿಡಿಯನ್ನು ಬರಿಯ ನೀರಿನಲ್ಲಿ ನೆನೆಹಾಕಿದರೆ ಉಪ್ಪು ಇಳಿಯುತ್ತದೆ, ಆದರೆ ಮರದಿಂದ ಕಿತ್ತಾಗಿನ ಗಟ್ಟಿ ಮೈ ಮತ್ತೆ ಬರುವುದಿಲ್ಲ. ಯಾಕೆ?

ಚಿಕ್ಕಮಗಳೂರಿನ ನಿವೃತ್ತ ಉಪನ್ಯಾಸಕ:

ತಾಯಿ, ಈ ಚರ್ಚೆಯಲ್ಲಿ ಇದುವರೆಗೆ ಬಂದ ಪ್ರಶ್ನೆಗಳಲ್ಲಿ ಇದೇ ಸೂಕ್ಷ್ಮವಾದದ್ದು. ಮೊದಲ ದಿನ ಮಿಡಿಯ ಹೊರಪದರಗಳ ಕೋಶಗಳು ಜೀವಂತವಾಗಿದ್ದು, ಉಪ್ಪಿಗೆ ನೀರು ಬಿಟ್ಟುಕೊಟ್ಟು ಕುಗ್ಗುತ್ತವೆ. ಆದರೆ ಭರಣಿಯ ಉಪ್ಪು ಸಾಮಾನ್ಯದ್ದಲ್ಲ. ದಿನಗಟ್ಟಲೆ ಅದರಲ್ಲಿದ್ದ ಕೋಶ ಬದುಕುವುದಿಲ್ಲ. ಪೊರೆ ಕೆಟ್ಟ ಮೇಲೆ ಒಳಗಿನ ರಸ ಹೊರಬರುತ್ತದೆ, ಹೊರಗಿನ ಉಪ್ಪು ಒಳಹೋಗುತ್ತದೆ. ಮಿಡಿಯ ಒಳಗೆಲ್ಲ ಉಪ್ಪು ಹಿಡಿಯುವುದು ಸತ್ತ ಕೋಶಗಳಿಂದಾಗಿಯೇ. ನೀವು ನೆನೆಹಾಕಿದಾಗ ಇಳಿಯುವುದು ಆ ಉಪ್ಪು. ನೀರನ್ನು ಹಿಡಿದಿಟ್ಟು ಉಬ್ಬಿಸುವ ಪೊರೆ ಇಲ್ಲದ್ದರಿಂದ ಬಿಗಿ ಮರಳುವುದಿಲ್ಲ. ಕೋಸಂಬರಿಯ ಸೌತೆ ಹೋಳನ್ನು ಉಪ್ಪು ಹಾಕಿದ ಕೆಲವೇ ನಿಮಿಷದಲ್ಲಿ ತೊಳೆದು ತಣ್ಣೀರಿನಲ್ಲಿಟ್ಟರೆ ಸ್ವಲ್ಪವಾದರೂ ಚೇತರಿಸಿಕೊಂಡೀತು. ಮರುದಿನ ಅದು ಸಾಧ್ಯವಿಲ್ಲ.

ಶಿಕ್ಷಕಿಯವರೂ ಇದನ್ನು ಗಮನಿಸಬೇಕು. ಕೋಶ ಕುಗ್ಗಿದ ಮೇಲೆ ಅದೇ ಒತ್ತುಕಾಗದದ ಉಪಾಯದಿಂದ ಬರಿಯ ನೀರನ್ನು ಎಳೆದರೆ ಪೊರೆ ಮತ್ತೆ ಉಬ್ಬಿ ಗೋಡೆಯನ್ನು ತಾಗುವುದನ್ನು ನೋಡಬಹುದು. ನನ್ನ ಅಭಿಪ್ರಾಯದಲ್ಲಿ ಪ್ರಯೋಗದ ಮುಖ್ಯ ಭಾಗವೇ ಇದು. ಹೆಚ್ಚಿನ ಕಡೆ ಗಂಟೆ ಹೊಡೆಯಿತೆಂದು ಇದನ್ನೇ ಬಿಡುತ್ತಾರೆ. ಇದು ಮುಖ್ಯವೇಕೆಂದರೆ, ಸತ್ತ ಕೋಶದ ಜೀವರಸ ಕೆಲವೊಮ್ಮೆ ಹೆಪ್ಪುಗಟ್ಟಿ ಮುದ್ದೆಯಾಗಿ, ನೋಡುವುದಕ್ಕೆ ಪ್ಲಾಸ್ಮಾಲಿಸಿಸ್‌ನಂತೆಯೇ ತೋರುತ್ತದೆ. ನೀರು ಕೊಟ್ಟಾಗ ಮರಳಿ ಉಬ್ಬಿದರೆ ಅದು ಜೀವಂತ ಕೋಶದ ಸಂಕುಚನ, ಉಬ್ಬದಿದ್ದರೆ ಸಂಶಯಪಡಬೇಕು. ಹೆಚ್ಚು ಹೊತ್ತು ಉಪ್ಪಿನಲ್ಲಿ ಬಿಟ್ಟರೂ, ಬಹಳ ಗಾಢವಾದ ಉಪ್ಪಿನಿಂದ ಒಮ್ಮೆಗೇ ಬರಿಯ ನೀರಿಗೆ ಹಾಕಿದರೂ ಕೆಲವು ಕೋಶಗಳು ಒಡೆಯುತ್ತವೆ. ಆದ್ದರಿಂದ ಹತ್ತು ನಿಮಿಷದೊಳಗೆ ನೀರು ಕೊಡಿ.

ಅರಸೀಕೆರೆಯ ತೆಂಗು ಬೆಳೆಗಾರ:

ನಮ್ಮ ಕೊಳವೆಬಾವಿಯ ನೀರು ಸವಳು. ಟೊಮೇಟೊ ಸಸಿ ಏಳುವುದೇ ಇಲ್ಲ, ಎಲೆಯ ಅಂಚು ಸುಟ್ಟಂತಾಗುತ್ತದೆ. ಆದರೆ ಅದೇ ನೀರಿನಲ್ಲಿ ತೆಂಗು ನಿಂತಿದೆ. ತೆಂಗಿನ ಗುಂಡಿಗಂತೂ ಹಿರಿಯರ ಕಾಲದಿಂದ ನಾವೇ ಉಪ್ಪು ಸುರಿಯುತ್ತೇವೆ. ಸವಳು ನೆಲದಲ್ಲಿ ಗಿಡದ ಬೇರಿನ ಕೋಶಗಳು ಈ ಸ್ಲೈಡಿನಂತೆಯೇ ಕುಗ್ಗಿರುತ್ತವೆಯೇ? ಹಾಗಿದ್ದರೆ ತೆಂಗಿನ ಬೇರಿಗೆ ಏಕಿಲ್ಲ?

ಮೂಡಿಗೆರೆಯ ಕಾಫಿ ತೋಟದವರು:

ನನ್ನದೂ ಜೊತೆಗೆ ಸೇರಿಸಿಕೊಳ್ಳಿ. ಮಾರ್ಚಿ ತಿಂಗಳಿನಲ್ಲಿ ಹೂಮಳೆ ತಡವಾದರೆ ಕಾಫಿ ಎಲೆ ಮಧ್ಯಾಹ್ನ ಜೋಲುಬೀಳುತ್ತದೆ. ಆಗ ಎಲೆಯ ಪೊರೆ ತೆಗೆದು ನೋಡಿದರೆ ಇದೇ ದೃಶ್ಯ ಕಾಣಬೇಕಲ್ಲವೇ? ನೀರು ಹೋದದ್ದಂತೂ ಎರಡು ಕಡೆಯೂ ಒಂದೇ. ಅಂದ ಹಾಗೆ, ನಮ್ಮ ಕಡೆ ಇಂಬಳದ ಮೇಲೆ ಉಪ್ಪು ಹಾಕಿದರೆ ಅದು ಮುದುಡಿ ಉದುರುವುದನ್ನು ಮಕ್ಕಳಿಗೆ ತೋರಿಸಿದರೆ ಸೂಕ್ಷ್ಮದರ್ಶಕದ ಖರ್ಚೂ ಉಳಿಯುತ್ತದೆ.

ಚಿಕ್ಕಮಗಳೂರಿನ ನಿವೃತ್ತ ಉಪನ್ಯಾಸಕ:

ಇಂಬಳದ ವಿಚಾರದಲ್ಲಿ ನಿಮ್ಮ ಅನುಭವವೇ ದೊಡ್ಡದು. ಆದರೆ ಅದರ ಕೋಶಗಳಿಗೆ ಗೋಡೆಯಿಲ್ಲ. ಪೊರೆ ಗೋಡೆಯನ್ನು ಬಿಟ್ಟು ಸರಿಯುವ ಮಾತು ಅಲ್ಲಿ ಬರುವುದೇ ಇಲ್ಲ. ಜೋಲುಬಿದ್ದ ಕಾಫಿ ಎಲೆಯಲ್ಲಿಯೂ ಈ ದೃಶ್ಯ ಕಾಣುವುದಿಲ್ಲ, ಕ್ಷಮಿಸಬೇಕು. ಸ್ಲೈಡಿನಲ್ಲಿ ಪೊರೆ ಒಳಸರಿದಾಗ ಗೋಡೆಯ ರಂಧ್ರಗಳ ಮೂಲಕ ಉಪ್ಪುನೀರು ಒಳಬಂದು ಆ ಜಾಗ ತುಂಬುತ್ತದೆಂದು ಮೇಲೆ ನೋಡಿದೆವು. ಬಿಸಿಲಿಗೆ ಬಾಡುವ ಎಲೆಯ ಕೋಶದ ಹೊರಗಿರುವುದು ಗಾಳಿ. ಗೋಡೆಯ ರಂಧ್ರಗಳು ಅತ್ಯಂತ ಕಿರಿದು, ಅವುಗಳಲ್ಲಿ ನೀರು ಬಿಗಿಯಾಗಿ ಹಿಡಿದು ನಿಂತಿರುತ್ತದೆ. ಅದನ್ನು ದೂಡಿಕೊಂಡು ಗಾಳಿ ಒಳಬರಲಾರದು. ಆದ್ದರಿಂದ ಪೊರೆ ಒಳಕ್ಕೆ ಸರಿದಂತೆ ಗೋಡೆಯನ್ನೂ ತನ್ನ ಜೊತೆ ಎಳೆದುಕೊಳ್ಳುತ್ತದೆ, ಇಡೀ ಕೋಶವೇ ಗಾಳಿ ತೆಗೆದ ಚೀಲದಂತೆ ಸುಕ್ಕಾಗುತ್ತದೆ. ಬಾಡುವುದೆಂದರೆ ಪ್ಲಾಸ್ಮಾಲಿಸಿಸ್ ಎಂದು ಉತ್ತರಪತ್ರಿಕೆಗಳಲ್ಲಿ ಬರೆದವರಿಗೆ ನಾನೂ ಒಂದು ಕಾಲದಲ್ಲಿ ಅಂಕ ಕೊಟ್ಟಿದ್ದೇನೆ, ತಪ್ಪು ನನ್ನದೇ.

ಸವಳು ನೆಲದ ಲೆಕ್ಕ ಬೇರೆ. ನೀರಿನಲ್ಲಿ ನೆನೆಸಿದ ಮಣ್ಣಿನಿಂದ ಬಸಿದ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ಮೀರಿದರೆ ಅದನ್ನು ಲವಣಯುಕ್ತ ಮಣ್ಣೆಂದು ಕರೆಯುವುದು ರೂಢಿ. ಅದು ಬರಿಯ ಅಡುಗೆ ಉಪ್ಪಿನದೇ ಎಂದು ಭಾವಿಸಿದರೆ ಲೀಟರಿಗೆ ಎರಡು, ಎರಡೂವರೆ ಗ್ರಾಂ ಉಪ್ಪಿಗೆ ಸಮ. ಸ್ಲೈಡಿನಲ್ಲಿ ಕೋಶ ಕುಗ್ಗುವುದಕ್ಕೆ ಇದರ ನಾಲ್ಕೈದು ಪಟ್ಟು ಬೇಕು. ಅಂದರೆ ಬೇರಿನ ಕೋಶಗಳು ಕುಗ್ಗುವ ಹಂತಕ್ಕೆ ಬಹಳ ಮೊದಲೇ ಬೆಳೆ ಸೊರಗುತ್ತದೆ. ಒಂದು ಕಾರಣ, ನೀರನ್ನು ಎಳೆದುಕೊಳ್ಳುವುದು ಬೇರಿಗೆ ಕಷ್ಟವಾಗಿ ಬೆಳವಣಿಗೆ ಕುಂಠಿತವಾಗುತ್ತದೆ. ಇನ್ನೊಂದು, ಸೋಡಿಯಂ ಮತ್ತು ಕ್ಲೋರೈಡ್ ದಿನಗಳೆದಂತೆ ಎಲೆಗಳಲ್ಲಿ ಕೂಡಿಕೊಂಡು ವಿಷವಾಗುತ್ತವೆ. ನಿಮ್ಮ ಟೊಮೇಟೊ ಎಲೆಯಂಚು ಸುಟ್ಟಂತಾಗುವುದು ಹೀಗೆ. ಸವಳನ್ನು ತಾಳುವ ಗಿಡಗಳು ಹೆಚ್ಚಿನ ಲವಣವನ್ನು ರಸದಾನಿಗೆ ದೂಡಿ, ಉಳಿದ ಭಾಗದಲ್ಲಿ ಹಾನಿಮಾಡದ ಪದಾರ್ಥಗಳನ್ನು ತಾವೇ ತಯಾರಿಸಿಕೊಂಡು ಕೋಶದೊಳಗಿನ ಗಾಢತೆಯನ್ನು ಏರಿಸಿಕೊಳ್ಳುತ್ತವೆ. ತೆಂಗಂತೂ ಕ್ಲೋರೈಡನ್ನು ಪೋಷಕಾಂಶವಾಗಿಯೇ ಹೆಚ್ಚು ಬಯಸುವ ಮರ; ನಿಮ್ಮ ಹಿರಿಯರು ಗುಂಡಿಗೆ ಉಪ್ಪು ಹಾಕಿದ್ದು ಕುರುಡು ನಂಬಿಕೆಯಲ್ಲ.

ಮೂಡಿಗೆರೆಯ ಕಾಫಿ ತೋಟದವರು:

ಸರ್, ನಾನು ಹಠ ಮಾಡುವುದಿಲ್ಲ. ಆದರೆ ಒಮ್ಮೆ ನಮ್ಮಲ್ಲಿ ಆಳು ಯೂರಿಯಾವನ್ನು ಅಳತೆ ತಪ್ಪಿ ಕಲಸಿ ಸಿಂಪಡಿಸಿದಾಗ ಎಲೆ ಸುಟ್ಟುಹೋಗಿತ್ತು. ಆಗ ಎಲೆಯ ಹೊರಗೆ ದ್ರಾವಣವೇ ಇತ್ತಲ್ಲ, ಗಾಳಿಯಲ್ಲ.

ಚಿಕ್ಕಮಗಳೂರಿನ ನಿವೃತ್ತ ಉಪನ್ಯಾಸಕ:

ಒಪ್ಪಿದೆ. ಗಾಢವಾದ ದ್ರಾವಣ ಎಲೆಯನ್ನು ಹೊಕ್ಕು ಕೋಶಗಳನ್ನು ಸುತ್ತುವರಿದ ಜಾಗದಲ್ಲಿ ನಿಜವಾದ ಪ್ಲಾಸ್ಮಾಲಿಸಿಸ್ ಆಗಬಲ್ಲದು. ಆದರೆ ಯೂರಿಯಾದ ಸ್ವಭಾವ ಉಪ್ಪಿನದ್ದಲ್ಲ. ಅದು ಪೊರೆಯನ್ನು ನಿಧಾನವಾಗಿ ದಾಟುತ್ತದೆ. ಸ್ಲೈಡಿನಲ್ಲಿ ಯೂರಿಯಾ ಹಾಕಿದರೆ ಕೋಶ ಮೊದಲು ಕುಗ್ಗಿ, ಆಮೇಲೆ ಯಾರೂ ನೀರು ಕೊಡದೆಯೇ ತಾನಾಗಿ ಉಬ್ಬಿಕೊಳ್ಳುವುದನ್ನು ನೋಡಬಹುದು. ನಿಮ್ಮ ತೋಟದ ಗೋದಾಮಿನಲ್ಲಿ ಯೂರಿಯಾ ಇದ್ದೇ ಇರುತ್ತದೆ, ಮಾಡಿ ನೋಡಿ.

ಹಾಸನದ ಪಿಯು ವಿದ್ಯಾರ್ಥಿ:

ನಾನೊಂದು ಲೆಕ್ಕ ಹಾಕಿದ್ದೇನೆ, ತಪ್ಪಿದ್ದರೆ ತಿದ್ದಿ. ಲೀಟರಿಗೆ 10 ಗ್ರಾಂ ಉಪ್ಪೆಂದರೆ 0.17 ಮೋಲ್ (ಕಣಗಳ ಎಣಿಕೆಯ ಮಾನ). ನೀರಿನಲ್ಲಿ ಅದು ಸೋಡಿಯಂ ಮತ್ತು ಕ್ಲೋರೈಡ್ ಎಂದು ಎರಡಾಗಿ ಒಡೆಯುವುದರಿಂದ ಕಣಗಳ ಲೆಕ್ಕದಲ್ಲಿ 0.34 ಮೋಲ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಾಂಟ್ ಹಾಫ್ ಸೂತ್ರದಂತೆ ಅಭಿಸರಣ ಒತ್ತಡ 0.85 ಮೆಗಾಪಾಸ್ಕಲ್, ಅಂದರೆ ಸುಮಾರು ಎಂಟೂವರೆ ವಾತಾವರಣ. ಪಂಕ್ಚರ್ ಅಂಗಡಿಯ ಭಾಷೆಯಲ್ಲಿ 120 ಪೌಂಡಿಗಿಂತ ತುಸು ಹೆಚ್ಚು. ಕಾರಿನ ಟೈರಿಗೆ 30 ಪೌಂಡ್ ಗಾಳಿ ಹಾಕಿಸುತ್ತೇವೆ. ಶೇಕಡಾ 1ರ ಉಪ್ಪಿನಲ್ಲಿ ಕುಗ್ಗಲಾರಂಭಿಸುವ ಕೋಶವು ಬರಿಯ ನೀರಿನಲ್ಲಿದ್ದಾಗ ಇದರ ಆಸುಪಾಸಿನ ಒತ್ತಡವನ್ನು ತನ್ನ ಗೋಡೆಯ ಮೇಲೆ ಹೊತ್ತಿರುತ್ತದೆ ಎಂದರೆ ನಂಬಲಾಗುತ್ತಿಲ್ಲ. ಹಾಗೆಯೇ, ಸಕ್ಕರೆ ಒಡೆಯುವುದಿಲ್ಲ, ಅದರ ಅಣುವೂ ಭಾರ. 10 ಗ್ರಾಂ ಉಪ್ಪಿನ ಕೆಲಸಕ್ಕೆ 115 ಗ್ರಾಂಗಿಂತ ಹೆಚ್ಚು ಸಕ್ಕರೆ ಬೇಕು.

ಚಿಕ್ಕಮಗಳೂರಿನ ನಿವೃತ್ತ ಉಪನ್ಯಾಸಕ:

ಲೆಕ್ಕ ಸರಿ, ನಿಜವಾದ ದ್ರಾವಣದಲ್ಲಿ ಒತ್ತಡ ತುಸು ಕಡಿಮೆ ಬರುತ್ತದೆ, ಅಷ್ಟೇ. ಇದನ್ನು ತಿರುಗಿಸಿಯೂ ಬಳಸಬಹುದು. ಅರ್ಧದಷ್ಟು ಕೋಶಗಳು ಮೂಲೆಗಳಲ್ಲಿ ಬಿಟ್ಟುಕೊಳ್ಳಲು ಆರಂಭಿಸುವ ಗಾಢತೆ ಯಾವುದೆಂದು ಎಣಿಸಿ ಕಂಡುಹಿಡಿದರೆ, ಆ ಕೋಶಗಳ ಒಳಗಿನ ಗಾಢತೆಯನ್ನೇ ಅಳೆದಂತಾಯಿತು. ಶಿಕ್ಷಕಿಯವರು ಒಂದೇ ದ್ರಾವಣಕ್ಕೆ ನಿಲ್ಲದೆ ಶೇಕಡಾ ಅರ್ಧ, ಒಂದು, ಎರಡು ಎಂದು ಮೂರು ಮಾಡಿಕೊಂಡರೆ ಮಕ್ಕಳಿಗೆ ಎಣಿಸುವ ಕೆಲಸವೂ ಸಿಗುತ್ತದೆ.

ನೋಡುವಾಗ ಇನ್ನೊಂದನ್ನು ಹುಡುಕಿ. ಕುಗ್ಗಿದ ಪೊರೆ ಗೋಡೆಯಿಂದ ಪೂರ್ತಿ ಕಳಚಿಕೊಳ್ಳುವುದಿಲ್ಲ. ಜೇಡನ ನೂಲಿನಂಥ ಎಳೆಗಳು ಅಲ್ಲಲ್ಲಿ ಗೋಡೆಗೆ ಅಂಟಿಕೊಂಡೇ ಇರುತ್ತವೆ. 1912ರಲ್ಲಿ ಅವನ್ನು ವಿವರಿಸಿದ ಹೆಕ್ಟ್ ಅವರ ಹೆಸರಿನಲ್ಲಿಯೇ ಇಂದಿಗೂ ಕರೆಯುತ್ತಾರೆ. ನಲವತ್ತು ಪಟ್ಟು ಹಿಗ್ಗಿಸುವ ಮಸೂರ ಒಳ್ಳೆಯದಿದ್ದರೆ ಈರುಳ್ಳಿಯಲ್ಲಿ ಅದೃಷ್ಟವಿದ್ದವರಿಗೆ ಕಾಣುತ್ತವೆ.

ಹೊಳೆನರಸೀಪುರದ ಶಿಕ್ಷಕಿ:

ಈ ಶನಿವಾರ ಪ್ರಯೋಗವನ್ನು ಮತ್ತೆ ಮಾಡಿದೆವು; ಆದದ್ದನ್ನು ತಿಳಿಸುವುದು ನನ್ನ ಕರ್ತವ್ಯ. ರಿಯೋ ಗಿಡ ನಮ್ಮ ಧ್ವಜಕಂಬದ ಕಟ್ಟೆಯ ಸುತ್ತಲೇ ಇತ್ತು. ಅಂಗಡಿಯ ತಕ್ಕಡಿಯಲ್ಲಿ ಉಪ್ಪು ತೂಗಿಸಿ ಮೂರು ದ್ರಾವಣ ಮಾಡಿಕೊಂಡೆವು. ಒಂದೊಂದರಲ್ಲಿಯೂ 50 ಕೋಶಗಳನ್ನು ಎಣಿಸುವುದೆಂದು ಮಕ್ಕಳೇ ನಿಶ್ಚಯಿಸಿದರು. ಶೇಕಡಾ ಅರ್ಧದಲ್ಲಿ ಒಂದೂ ಕುಗ್ಗಲಿಲ್ಲ. ಶೇಕಡಾ 1ರಲ್ಲಿ 27 ಕೋಶಗಳು ಮೂಲೆ ಬಿಟ್ಟುಕೊಂಡಿದ್ದವು. ಇದನ್ನು ಎಣಿಸುವಾಗ, ಬಿಟ್ಟಿದೆ, ಬಿಟ್ಟಿಲ್ಲ ಎಂದು ಜಗಳವೇ ಆಗಿ, ಇಬ್ಬರು ಎಣಿಸಿ ಹೊಂದಿದ್ದನ್ನು ಮಾತ್ರ ಬರೆದುಕೊಂಡೆವು. ಶೇಕಡಾ 2ರಲ್ಲಿ 48. ನೀರು ಎಳೆದ ಮೇಲೆ ಹೆಚ್ಚಿನವು ಮತ್ತೆ ತುಂಬಿಕೊಂಡವು, ನಾಲ್ಕೈದು ತುಂಬಲಿಲ್ಲ. ಕುದಿಯುವ ನೀರಿನಲ್ಲಿ ಅದ್ದಿ ತೆಗೆದ ಎಲೆಯ ಪೊರೆಯನ್ನೂ ಇಟ್ಟು ನೋಡಿದೆವು. ನೇರಳೆ ಬಣ್ಣವೆಲ್ಲ ಸೋರಿ ನೀರಿಗೆ ಬಂದಿತ್ತು. ಉಪ್ಪಿಗೆ ಒಂದು ಕೋಶವೂ ಅಲುಗಲಿಲ್ಲ. ಹಿಂದಿನ ವಾರದ ಅಯೋಡಿನ್ ಸ್ಲೈಡಿಗೂ ಇದಕ್ಕೂ ಏನು ಸಂಬಂಧವೆಂದು ಕೇಳಿದಾಗ, ಪುಸ್ತಕ ಸುಳ್ಳೇ ಎಂದಿದ್ದ ಹುಡುಗನೇ ಮೊದಲು ಕೈ ಎತ್ತಿದ.

ಹೆಕ್ಟ್ ಎಳೆಗಳು ನಮಗೆ ಕಾಣಲಿಲ್ಲ. ಬದಲಿಗೆ ಬೇರೊಂದು ಕಂಡಿತು. ಶೇಕಡಾ 2ರಲ್ಲಿಯೂ ಕುಗ್ಗದೆ ಉಳಿದ ಎರಡು ಕೋಶಗಳು ಪೊರೆಯ ಹರಿದ ಅಂಚಿನಲ್ಲಿಯೇ ಇದ್ದವು, ಅವುಗಳಲ್ಲಿ ಬಣ್ಣವೂ ಇರಲಿಲ್ಲ. ಅವು ಬೇರೆ ಜಾತಿಯ ಕೋಶಗಳೇನೋ, ನಿಮ್ಮನ್ನು ಕೇಳಬೇಕೆಂದು ನಾನು ಗುರುತು ಹಾಕಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹುಡುಗಿ, "ಅವು ಹರಿಯುವಾಗಲೇ ಸತ್ತಿರಬೇಕು ಮೇಡಂ" ಎಂದಳು.

ಪ್ರಯೋಗಾಲಯದ ಸಹಾಯಕ, ಅರಕಲಗೂಡು:

ಬಹಳ ಸಂತೋಷ, ಮೇಡಂ. ಸೂಕ್ಷ್ಮದರ್ಶಕವನ್ನು ಪೆಟ್ಟಿಗೆಗೆ ಹಾಕುವ ಮೊದಲು ಮಸೂರದ ತುದಿಯನ್ನೂ ಸ್ಲೈಡ್ ಇಡುವ ಹಲಗೆಯನ್ನೂ ಸಿಹಿನೀರಿನಲ್ಲಿ ಒದ್ದೆ ಮಾಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿ ಒಣಗಿಸಿ. ಉಪ್ಪುನೀರು ಉಳಿದರೆ ಮುಂದಿನ ವರ್ಷದ ಹೊತ್ತಿಗೆ ತಿರುಪುಗಳು ತುಕ್ಕು ಹಿಡಿದು ಕೂತಿರುತ್ತವೆ.